ಕಾಗದದ ಅಕ್ಕ

ಆ ಮನೆಗೆ ನಾನು ಹೋದದ್ದು ಅದು ಮೂರನೆಯ ಸಲ. ಮೊದಲ ಸಲ ಕರೆಗಂಟೆ ಒತ್ತಿದಾಗ ಮಹಡಿಯ ಕಿಟಕಿಯ ಪರದೆ ಅಲುಗಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಎರಡನೆಯ ಸಲ ಒಳಗಿನಿಂದ ಒಬ್ಬ ಹೆಂಗಸು ನಮ್ಮ ನೇಪಾಳಿಯಲ್ಲೇ "ಮನೇಲಿ ಯಾರೂ ಇಲ್ಲ" ಎಂದು ಕೂಗಿದಳು. "ಹಾಗಾದ್ರೆ ಮಾತಾಡ್ತಿರೋದು ಯಾರು?" ಎಂದು ಕೇಳಿದೆ. ಒಳಗೆ ಗುಸುಗುಸು ನಡೆಯಿತು. ಆಮೇಲೆ ಇನ್ನೊಂದು ದನಿ, "ನಾವು ಸುಮ್ನೆ ಇದೀವಿ, ಲೆಕ್ಕಕ್ಕಿಲ್ಲ" ಎಂದಿತು. ಬಾಗಿಲಿಗೆ ಚೀಟಿ ಸಿಕ್ಕಿಸಿ ಬಂದೆ.

ಅದು 2020ರ ಸೆಪ್ಟೆಂಬರ್. ಓಹಾಯೋದ ಕೊಲಂಬಸ್ ನಗರದ ಪೂರ್ವದ ಅಂಚಿನಲ್ಲಿರುವ ರೆನಾಲ್ಡ್ಸ್‌ಬರ್ಗ್‌ನಲ್ಲಿ ನಾನು ಜನಗಣತಿಯ ಕೆಲಸ ಮಾಡುತ್ತಿದ್ದೆ. ಗೋದಾಮಿನಲ್ಲಿ ಪಾಳಿಗಳು ಕಡಿಮೆಯಾಗಿದ್ದವು. ನೇಪಾಳಿ ಬಲ್ಲವರು ಬೇಕಂತೆ ಎಂದು ಗೆಳತಿಯೊಬ್ಬಳು ಸೇರಿಸಿದ್ದಳು. ಕುತ್ತಿಗೆಗೆ ಗುರುತಿನ ಚೀಟಿ, ಹೆಗಲಿಗೆ ಕಪ್ಪು ಚೀಲ, ಕೈಯಲ್ಲಿ ಸರ್ಕಾರದ ಫೋನು. ಫಾರ್ಮು ತುಂಬಿ ಕಳಿಸದ ಮನೆಗಳ ಪಟ್ಟಿ ದಿನಾ ಬೆಳಗ್ಗೆ ಆ ಫೋನಿಗೆ ಬರುತ್ತಿತ್ತು.

ನಾವು ಇಲ್ಲಿಗೆ ಬಂದಾಗ ಮೆಕ್ಕೆಜೋಳದ ಹೊಲಗಳಿದ್ದ ಕಡೆ ಈಗ ಬೀದಿಯ ಹಿಂದೆ ಬೀದಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು. ಟೆಕ್ಸಸ್, ಡಕೋಟಾ, ಜಾರ್ಜಿಯಾ ಎಂದು ಅಮೆರಿಕ ಸರ್ಕಾರ ಒಂದೊಂದು ಮೂಲೆಯಲ್ಲಿ ಇಳಿಸಿದ್ದ ನಮ್ಮ ನಿರಾಶ್ರಿತ ಜನ, ಕೊಲಂಬಸ್‌ನಲ್ಲಿ ನಮ್ಮವರಿದ್ದಾರಂತೆ ಎಂಬ ಒಂದೇ ಮಾತಿಗೆ ಕಾರಿನ ನೆತ್ತಿಗೆ ಹಾಸಿಗೆ ಕಟ್ಟಿಕೊಂಡು ಬಂದಿದ್ದರು. ನಮ್ಮ ಮನೆಯವರೂ ಟೆಕ್ಸಸ್‌ನ ಅಮರಿಲ್ಲೊದಿಂದ ಹಾಗೆಯೇ ಬಂದವರು. ಪಟ್ಟಿಯಲ್ಲಿದ್ದ ಸೋಮಾಲಿಗಳು, ಮೆಕ್ಸಿಕೊದವರು, ಮೊದಲಿನಿಂದ ಇಲ್ಲೇ ಇದ್ದ ಕರಿಯರು, ಬಿಳಿಯರು ಎಲ್ಲರೂ ಬಾಗಿಲು ತೆರೆದು ಉತ್ತರ ಕೊಡುತ್ತಿದ್ದರು, ಇಲ್ಲವೇ ಬೈದು ಕಳಿಸುತ್ತಿದ್ದರು. ಅವಿತುಕೊಳ್ಳುತ್ತಿದ್ದವರು ನಮ್ಮ ಮುದುಕರು ಮಾತ್ರ.

ಅವರನ್ನು ದೂರುವಂತಿರಲಿಲ್ಲ. ಭೂತಾನದ ಗುಡ್ಡಗಳಲ್ಲಿ ಕಿತ್ತಳೆ, ಏಲಕ್ಕಿ ಬೆಳೆದುಕೊಂಡಿದ್ದ ನಮ್ಮವರ ಅಂಗಳಕ್ಕೆ ಮೊದಲು ಬಂದವರು ಗಣತಿಯವರೇ. ಅವರು ಎಣಿಸಿಕೊಂಡು ಹೋದ ಕೆಲವೇ ವರ್ಷಗಳಲ್ಲಿ ನೀವು ಇಲ್ಲಿಯವರಲ್ಲ ಎಂದು ನಮ್ಮನ್ನು ಗಡಿಯಾಚೆ ಅಟ್ಟಿದರು; ಗುಡ್ಡಗಳೂ ಇರಲಿಲ್ಲ, ಕಿತ್ತಳೆಯೂ ಇರಲಿಲ್ಲ. ನೇಪಾಳದ ಶಿಬಿರದಲ್ಲಿ ಬಿದಿರಿನ ಗುಡಿಸಲಿತ್ತು. ನನ್ನ ಅಪ್ಪನೇ ಮಾರ್ಚ್ ತಿಂಗಳಲ್ಲಿ ಬಂದ ಗಣತಿಯ ಲಕೋಟೆಯನ್ನು ಅಕ್ಕಿ ಮೂಟೆಯ ಹಿಂದೆ ತುರುಕಿಟ್ಟಿದ್ದ.

ಮೂರನೆಯ ಸಲ ಹೋದಾಗ ಮಧ್ಯಾಹ್ನ. ಬಿಸಿಲು ಚೆನ್ನಾಗಿತ್ತು. ಗ್ಯಾರೇಜಿನ ಬಾಗಿಲು ಮೇಲಕ್ಕೆ ಸುತ್ತಿಕೊಂಡಿತ್ತು. ಕಾರು ನಿಲ್ಲುವ ಜಾಗದಲ್ಲಿ ನೀಲಿ ಟಾರ್ಪಾಲು ಹಾಸಿ, ಹುಳಿ ಬರಿಸಿದ ಸಾಸಿವೆ ಸೊಪ್ಪನ್ನು ಗುಂದ್ರುಕ್‌ಗೆಂದು ಒಣಹಾಕಿದ್ದರು. ಅದರ ಎರಡು ಕಡೆ ಎರಡು ಪ್ಲಾಸ್ಟಿಕ್ ಕುರ್ಚಿ, ಎರಡು ಕುರ್ಚಿಯಲ್ಲಿ ಇಬ್ಬರು ಮುದುಕಿಯರು. ಒಬ್ಬರು ಎತ್ತರ, ಒಣಕಲು ಮೈ, ಬೆನ್ನು ನೆಟ್ಟಗೆ. ಇನ್ನೊಬ್ಬರು ದುಂಡಗೆ, ಅಗಲ ಮೂಗುತಿಯವರು.

"ಸಿಕ್ಕಿಬಿದ್ವಿ ಕಣೇ," ಎಂದರು ಎತ್ತರದವರು, ಮಾಸ್ಕು ಮೇಲೆಳೆದುಕೊಳ್ಳುತ್ತ.

"ಬಾಗಿಲು ಇಳಿಸು ಅಂತ ಬಡ್ಕೊಂಡೆ ನಾನು."

"ಇಳಿಸಿದ್ರೆ ಸೊಪ್ಪು ಎಲ್ಲಿ ಒಣಗಿಸ್ಲಿ, ನಿನ್ನ ತಲೆ ಮೇಲಾ?"

ನಾನು ದೂರದಲ್ಲೇ ನಿಂತು ಕೈಮುಗಿದೆ. ಬೆಲ್‌ಡಾಂಗಿ ಶಿಬಿರದಲ್ಲಿದ್ದ ಪದ್ಮಾ ಅವರ ಮಗಳು, ಬಿನಿತಾ ಎಂದೆ.

"ಪದ್ಮನ ಮಗಳಾ?" ಎತ್ತರದವರು ಬಗ್ಗಿ ನೋಡಿದರು. "ಮೂಗು ನೋಡಿದ್ರೆ ಗೊತ್ತಾಗ್ತಿತ್ತು, ಮುಚ್ಕೊಂಡಿದೀಯ. ನಿಮ್ಮಮ್ಮನಿಗೆ ನೇಯೋದು ಕಲಿಸಿದ್ದೇ ನಾನು. ಕೈಗಿಂತ ಬಾಯಿ ಜಾಸ್ತಿ ಅವಳದ್ದು. ಈಗ ಹೇಗಿದಾಳೆ?"

ಆಗ ನನಗೆ ತಿಳಿಯಿತು. ಇವರು ತುಳಸಾ. ಶಿಬಿರದ ನೇಯ್ಗೆಯ ಗುಡಿಸಲಿನಲ್ಲಿ ಎಷ್ಟೋ ಹುಡುಗಿಯರಿಗೆ ಮಗ್ಗದ ಮುಂದೆ ಕೂರಲು ಕಲಿಸಿದವರು. ಅಮ್ಮ ಇವತ್ತಿಗೂ ದಾರ ಗಂಟಾದರೆ ಇವರ ಹೆಸರು ಹೇಳಿ ಹೆದರುತ್ತಾಳೆ. ದುಂಡಗಿದ್ದವರು ಇವರ ಒಡಹುಟ್ಟಿದ ನಂದಕಲಾ. ಮನೆ ನಂದಕಲಾ ಅವರ ಮಗ ಖೇಮ್‌ನದು. ಅವನೂ ಅವನ ಹೆಂಡತಿಯೂ ಕೆಲಸಕ್ಕೆ ಹೋಗಿದ್ದರು.

"ನಿಮ್ಮಲ್ಲಿ ಅಕ್ಕ ಯಾರು?" ಎಂದು ಕೇಳಿದೆ. "ಯಾರನ್ನ ದೊಡ್ಡಮ್ಮ ಅನ್ಲಿ, ಯಾರನ್ನ ಚಿಕ್ಕಮ್ಮ ಅನ್ಲಿ?"

"ನಾನು," ಎಂದರು ತುಳಸಾ.

"ಕಾಗದದಲ್ಲಾ, ಮನೇಲಾ?" ಎಂದರು ನಂದಕಲಾ.

"ನೋಡು, ಶುರುಮಾಡಿದ್ಲು ಕಾಗದದ ಅಕ್ಕ."

ನಮ್ಮ ಜನರಲ್ಲಿ ಈ ಪಾಡು ಹೊಸದಲ್ಲ. ಶಿಬಿರದಲ್ಲಿ ಹೆಸರು ಬರೆಸುವಾಗ ಹುಟ್ಟಿದ ದಿನ ಯಾರಿಗೆ ಗೊತ್ತಿತ್ತು? ವರ್ಷವೊಂದನ್ನು ಊಹಿಸಿ, ಮುಂದೆ ಜನವರಿ ಒಂದು ಎಂದು ಬರೆದರು. ಹಾಗಾಗಿ ರೆನಾಲ್ಡ್ಸ್‌ಬರ್ಗ್‌ನ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಒಂದೇ ದಿನ ಹುಟ್ಟಿದವರು. ಆದರೆ ಈ ಮನೆಯಲ್ಲಿ ತಿರುವುಮುರುವಾಗಿತ್ತು. ನಿಜದಲ್ಲಿ ತುಳಸಾ ಐದು ವರ್ಷ ದೊಡ್ಡವರು, ಅವರಿಗೆ ಅರವತ್ತೇಳು. ಕಾಗದದಲ್ಲಿ ಅರವತ್ತೇಳು ನಂದಕಲಾಗೆ, ಅರವತ್ತೆರಡು ತುಳಸಾಗೆ.

"ಆ ಧುಂಗೇಲ್ ಮಾಸ್ತರ," ಎಂದರು ತುಳಸಾ. "ಕಿಟಕಿಯೊಳಗೆ ಕೂತ್ಕೊಂಡು ಹೆಸರು ಬರೀತಿದ್ದ. ನನಗೆ ಆಗ ಮೈಮೇಲೆ ಎಚ್ಚರ ಇರ್ಲಿಲ್ಲ. ಇವಳು ಹೋಗಿ ಇಬ್ಬರದ್ದೂ ಬರೆಸಿದ್ಲು. ಅವನು ಇವಳ ವಯಸ್ಸು ನನಗೆ, ನನ್ನ ವಯಸ್ಸು ಇವಳಿಗೆ ಗೀಚಿದ. ಎರಡು ವರ್ಷ ಆದ್ಮೇಲೆ ಕಾರ್ಡು ನೋಡಿ, ಹೋಗಿ ಜಗಳ ತೆಗೆದೆ. ಪಟ್ಟಿ ಮೇಲಕ್ಕೆ ಹೋಗಿಬಿಟ್ಟಿದೆ, ಏನೂ ಮಾಡೋಕಾಗಲ್ಲ ಅಂದ. ಸಂತೆಯಷ್ಟು ಜನರ ಮುಂದೆ ಬೈದೆ. ತಲೆ ಬಗ್ಗಿಸ್ಕೊಂಡು ಕೂತಿದ್ದ. ತಪ್ಪು ಮಾಡಿದವನು ಇನ್ನೇನು ಹೇಳ್ತಾನೆ?"

ಆ ತಪ್ಪಿನ ಫಲ ಇಲ್ಲಿ ದಿನಾ ಬಾಗಿಲಿಗೆ ಬರುತ್ತಿತ್ತಂತೆ. ಎರಡು ವರ್ಷದ ಹಿಂದೆ ನಂದಕಲಾಗೆ ಕಾಗದದಲ್ಲಿ ಅರವತ್ತೈದು ತುಂಬಿತು. ಹಿರಿಯರ ಕೇಂದ್ರದ ವ್ಯಾನು ಬೆಳಗ್ಗೆ ಎಂಟೂವರೆಗೆ ಬಂದು ಅವರನ್ನು ಕರೆದೊಯ್ಯುತ್ತಿತ್ತು. ಅಲ್ಲಿ ಭಜನೆ, ಕುರ್ಚಿಯಲ್ಲಿ ಕೂತೇ ಮಾಡುವ ಯೋಗ, ಬಿಸಿಬಿಸಿ ಅನ್ನ ಬೇಳೆ. ತುಳಸಾ ಬಾಗಿಲಲ್ಲಿ ನಿಂತು, "ಹೋಗಮ್ಮ ಮುದುಕಿ, ನನ್ನ ವಯಸ್ಸು ಹೊತ್ಕೊಂಡು ವ್ಯಾನು ಹತ್ತು" ಎನ್ನುತ್ತಿದ್ದರು. ನಂದಕಲಾ ಸಂಜೆ ಬರುವಾಗ ಸೆರಗಿನಲ್ಲಿ ಏನಾದರೂ ಕಟ್ಟಿಕೊಂಡು ತರುತ್ತಿದ್ದರು: ಅರ್ಧ ಲಡ್ಡು, ಒಂದು ಬಾಳೆಹಣ್ಣು. ಮಾರ್ಚ್‌ನಿಂದ ವ್ಯಾನು ನಿಂತುಹೋಗಿ ಇಬ್ಬರೂ ಮನೆಯಲ್ಲೇ ಇದ್ದರು.

ನಾನು ಫೋನು ತೆರೆದು ಕೇಳಲು ಶುರುಮಾಡಿದೆ. ಏಪ್ರಿಲ್ ಒಂದರಂದು ಈ ಮನೆಯಲ್ಲಿ ಎಷ್ಟು ಜನ ಇದ್ದರು? ಖೇಮ್, ಅವನ ಹೆಂಡತಿ, ಇಲ್ಲೇ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು, ಇವರಿಬ್ಬರು. ಆರು ಜನ. ಮೂಲ ಯಾವುದು ಎಂದಾಗ ನಂದಕಲಾ ನೇಪಾಳಿ ಎಂದರು. ತುಳಸಾ, "ನನ್ನದು ಚಿರಾಂಗ್ ಅಂತ ಬರಿ, ಭೂತಾನದಲ್ಲಿ ನಮ್ಮೂರು ಅದು" ಎಂದರು. ಊರಿನ ಹೆಸರಿಗೆ ಜಾಗವಿಲ್ಲ ದೊಡ್ಡಮ್ಮ ಎಂದೆ. "ಇಷ್ಟು ದೊಡ್ಡ ದೇಶದ ಫಾರ್ಮು, ಅಷ್ಟು ಚಿಕ್ಕ ಊರಿಗೆ ಜಾಗ ಇಲ್ವಂತೆ" ಎಂದು ತಂಗಿಯ ಕಡೆ ನೋಡಿದರು.

ಆಮೇಲೆ ವಯಸ್ಸಿನ ಪ್ರಶ್ನೆ.

"ಕಾರ್ಡು ತರ್ತೀನಿ," ಎಂದು ನಂದಕಲಾ ಏಳಹೋದರು.

"ಕೂತ್ಕೊಳೇ. ಮಗಳೇ, ಈ ಸಲ ನಿಜ ಬರಿ. ನನಗೆ ಅರವತ್ತೇಳು, ಇವಳಿಗೆ ಅರವತ್ತೆರಡು."

"ಬೇಡ ಅಕ್ಕ. ಕಾರ್ಡಿನಲ್ಲಿ ಒಂದು, ಇಲ್ಲೊಂದು ಅಂದ್ರೆ ಹಿಡ್ಕೊಳ್ತಾರೆ. ಸುಳ್ಳು ಹೇಳಿ ದೇಶದೊಳಗೆ ಬಂದ್ರಿ ಅಂತಾರೆ."

ಇಲ್ಲ ಎಂದೆ. ಈ ಉತ್ತರ ಬೇರೆ ಯಾವ ಕಚೇರಿಗೂ ಹೋಗುವುದಿಲ್ಲ, ಪೊಲೀಸರಿಗೂ ಇಲ್ಲ, ವ್ಯಾನಿನವರಿಗೂ ಇಲ್ಲ. ಎಪ್ಪತ್ತೆರಡು ವರ್ಷ ಯಾರೂ ಹೆಸರು ಹಿಡಿದು ನೋಡುವಂತಿಲ್ಲ ಎಂದು ವಿವರಿಸಿದೆ. ನಾನೂ ಯಾರಿಗೂ ಹೇಳುವುದಿಲ್ಲ ಎಂದು ಪ್ರಮಾಣ ಮಾಡಿದವಳು. ಈಗ ಇದನ್ನು ಹೇಳುತ್ತಿರುವುದು, ತುಳಸಾ ಅವರೇ ಆಮೇಲೆ ಇದನ್ನು ಅರ್ಧ ರೆನಾಲ್ಡ್ಸ್‌ಬರ್ಗ್‌ಗೆ ಹೇಳಿಕೊಂಡು ಬಂದದ್ದರಿಂದ.

"ಎಪ್ಪತ್ತೆರಡು ವರ್ಷ," ತುಳಸಾ ಬೆರಳು ಮಡಿಸಿದರು. "ಆಗ ನನಗೆ ನೂರ ಮೂವತ್ತೊಂಬತ್ತು. ಬರಲಿ, ಹಿಡ್ಕೊಂಡು ಹೋಗ್ಲಿ. ಬರಿಯಮ್ಮಾ. ಇಷ್ಟು ದೇಶ ತಿರುಗಿ ಒಂದಾದ್ರೂ ಕಾಗದದಲ್ಲಿ ನಾನು ಅಕ್ಕ ಆಗಿರ್ತೀನಿ. ಆ ಕುರುಡ ಮಾಸ್ತರ ಮಾಡಿದ ಪಾಪ ಇವತ್ತು ತೊಳೆದುಹೋಗ್ಲಿ. ಅವನ ಕೈ..."

"ಅವರನ್ನ ಬೈಬೇಡ ಅಕ್ಕ," ಎಂದರು ನಂದಕಲಾ.

"ಯಾಕೆ ಬೈಬಾರದು? ಇಪ್ಪತ್ತಾರು ವರ್ಷದಿಂದ ಬೈತಿದೀನಿ. ಹೊಸದಾ?"

"ಮೇ ತಿಂಗಳಲ್ಲಿ ಹೋದರು ಅವರು. ಆಕ್ರನ್‌ನಲ್ಲಿ. ಈ ಕಾಯಿಲೇಲೇ. ಖೇಮ್ ಫೋನಿನಲ್ಲಿ ತೋರಿಸಿದ. ನಿನಗೆ ಹೇಳಲಿಲ್ಲ."

ತುಳಸಾ ಮಡಿಸಿದ್ದ ಬೆರಳು ಬಿಡಿಸಿದರು. "ಹೋದವರ ಬಗ್ಗೆ ಏನೂ ಅನ್ನಬಾರದು, ಸರಿ. ಆದ್ರೂ ತಪ್ಪು ತಪ್ಪೇ" ಎಂದರು.

"ತಪ್ಪು ಅವರದ್ದಲ್ಲ." ನಂದಕಲಾ ಟಾರ್ಪಾಲಿನ ಕಡೆ ಬಗ್ಗಿ ಸೊಪ್ಪನ್ನು ಮಗುಚತೊಡಗಿದರು. ಆಗಲೇ ಮಗುಚಿದ್ದ ಸೊಪ್ಪು. "ನಾನೇ ಹಾಗೆ ಬರೆಸಿದ್ದು."

ನಾನು ಫೋನು ಕೆಳಗಿಳಿಸಿದೆ.

ಅವರು ಹೇಳಿದ್ದು ಇಷ್ಟು. ಗಡಿ ದಾಟಿ ಬಂದ ಹೊಸತರಲ್ಲಿ ಎಲ್ಲರೂ ಮಾಯಿ ನದಿಯ ದಂಡೆಯ ಮರಳಿನಲ್ಲಿದ್ದರು. ಅಲ್ಲಿ ಒಂದೇ ತಿಂಗಳಲ್ಲಿ ತುಳಸಾರ ಗಂಡನೂ ಮೂರು ವರ್ಷದ ಮಗಳೂ ಭೇದಿಯಲ್ಲಿ ಹೋದರು. ಅದಾದ ಮೇಲೆ ತುಳಸಾ ಮಾತು ಬಿಟ್ಟರು. ಕೂರಿಸಿದಲ್ಲಿ ಕೂರುತ್ತಿದ್ದರು, ತಿನ್ನಿಸಿದರೆ ಎರಡು ತುತ್ತು. ಬೆಲ್‌ಡಾಂಗಿಗೆ ಕರೆತಂದ ಮೇಲೂ ಹಾಗೆಯೇ. ಹೆಸರು ಬರೆಸುವ ದಿನ ಸಾಲಿನಲ್ಲಿ ಒಬ್ಬಾಕೆ ಹೇಳಿದಳಂತೆ, ಹೆಂಗಸರಿಗೆ ನೇಯ್ಗೆ ಕಲಿಸುತ್ತಾರಂತೆ, ಬೆಳಗ್ಗೆಯಿಂದ ಸಂಜೆಯವರೆಗೆ, ಮೂವತ್ತೈದರ ಒಳಗಿನವರಿಗೆ ಮಾತ್ರ, ಈ ಪಟ್ಟಿ ನೋಡಿಯೇ ಕರೆಯುತ್ತಾರೆ ಎಂದು.

"ಎಲ್ಲಾದ್ರೂ ಒಂದು ಕಡೆ ಇವಳ ಕೈಗೆ ಕೆಲಸ ಸಿಕ್ಕಿದ್ರೆ ಬದುಕ್ತಾಳೆ ಅನ್ನಿಸ್ತು ನನಗೆ," ಎಂದರು ನಂದಕಲಾ. ನನಗೇ ಹೇಳುತ್ತಿದ್ದರು, ಅಕ್ಕನ ಮುಖ ನೋಡುತ್ತಿರಲಿಲ್ಲ. "ಕಿಟಕಿ ಹತ್ರ ಹೋದಾಗ ಮಾಸ್ತರರು ಇವಳ ವಯಸ್ಸೆಷ್ಟು ಅಂದ್ರು. ಮೂವತ್ತೊಂಬತ್ತು ಅನ್ಬೇಕಿತ್ತು. ಮೂವತ್ತನಾಲ್ಕು ಅಂದೆ. ಅದು ನನ್ನ ವಯಸ್ಸು. ಆಮೇಲೆ ನಿನಗೆಷ್ಟು ಅಂದ್ರು. ನನಗೆ ಗೊತ್ತಿದ್ದದ್ದು ಎರಡೇ ಸಂಖ್ಯೆ. ಒಂದು ಅವಳಿಗೆ ಕೊಟ್ಟಿದ್ದೆ. ಉಳಿದದ್ದು ನಾನು ತಗೊಂಡೆ."

ಮಾಸ್ತರರು ತಲೆಯೆತ್ತಿ ಇವರನ್ನೂ, ಸೊಂಟದ ಮೇಲಿದ್ದ ಕೂಸು ಖೇಮ್‌ನನ್ನೂ, ಮರದಡಿ ಕಲ್ಲಿನಂತೆ ಕೂತಿದ್ದ ತುಳಸಾರನ್ನೂ ನೋಡಿ, ಏನೂ ಕೇಳದೆ ಬರೆದುಕೊಂಡರಂತೆ. ಎರಡು ವರ್ಷದ ಮೇಲೆ ತುಳಸಾ ಕಾರ್ಡು ಹಿಡಿದು ಜಗಳಕ್ಕೆ ಹೊರಟಾಗ, ನಂದಕಲಾ ಹಿಂದಿನ ದಾರಿಯಲ್ಲಿ ಮುಂಚೆಯೇ ಓಡಿಹೋಗಿ, ಅಕ್ಕನಿಗೆ ಹೇಳಬೇಡಿ ಎಂದು ಕೈಮುಗಿದಿದ್ದರು. ಅದಕ್ಕೇ ಆ ಮನುಷ್ಯ ತಲೆ ಬಗ್ಗಿಸಿಕೊಂಡು ಬೈಗುಳ ತಿಂದದ್ದು.

ತುಳಸಾ ಎದ್ದರು. ಮನೆಯ ಪಕ್ಕದಿಂದ ಹಿತ್ತಿಲಿಗೆ ನಡೆದುಬಿಟ್ಟರು.

"ಕೋಪ ಬಂತು ಅವಳಿಗೆ," ಎಂದರು ನಂದಕಲಾ. ಅವರ ಕೈಯಲ್ಲಿದ್ದ ಸೊಪ್ಪು ಪುಡಿಯಾಗಿತ್ತು. "ನೀನು ಹೋಗಮ್ಮ. ನಾಳೆ ಬಾ."

ಹೋಗಲು ಮನಸ್ಸಾಗಲಿಲ್ಲ. ಹಿತ್ತಿಲಲ್ಲಿ ನಲ್ಲಿಯ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಎದುರು ಮನೆಯವನು ಹುಲ್ಲು ಕತ್ತರಿಸಿ ಮುಗಿಸಿ, ನಮಗೆ ಕೈ ಬೀಸಿ ಒಳಗೆ ಹೋದ. ನಂದಕಲಾ ಅವನಿಗೆ ವಾಪಸು ಕೈ ಬೀಸಿದರು, ಕಣ್ಣಲ್ಲಿ ನೀರಿತ್ತು.

ತುಳಸಾ ಬಂದಾಗ ಮುಖ ತೊಳೆದಿದ್ದರು; ಸೆರಗಿನ ಅಂಚು ಒದ್ದೆಯಾಗಿತ್ತು. ಕುರ್ಚಿಯನ್ನು ಎತ್ತಿ ಟಾರ್ಪಾಲಿನ ಈ ಕಡೆಗೆ, ತಂಗಿಯ ಪಕ್ಕಕ್ಕೆ ತಂದು ಹಾಕಿಕೊಂಡರು.

"ನಿನಗೂ ಕಲಿಯೋಕೆ ಆಸೆ ಇತ್ತು. ಅಲ್ವಾ?"

"ಯಾವುದು?"

"ನೇಯೋದು."

ನಂದಕಲಾ ಅಂಗೈಗಳನ್ನು ಮಡಿಸಿಕೊಂಡರು.

"ಗುಡಿಸಲಿನ ಬಾಗಿಲಿಗೆ ಬಂದು ನಿಂತ್ಕೋತಿದ್ದೆ ನೀನು. ಮಗೂನ ಎತ್ಕೊಂಡು. ಬೆಳಕಿಗೆ ಅಡ್ಡ ನಿಲ್ಲಬೇಡ, ಹೋಗು ಅಂತ ಓಡಿಸ್ತಿದ್ದೆ ನಾನು."

"ನಿಜವಾಗ್ಲೂ ಬೆಳಕಿಗೆ ಅಡ್ಡ ಆಗ್ತಿತ್ತು."

"ಸುಮ್ನಿರೇ," ಎಂದರು ತುಳಸಾ. "ಮಗ್ಗದ ಮುಂದೆ ಕೂತ ಮೊದಲನೇ ದಿನ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಸಲವೂ ನನ್ನ ಮಗಳು ನೆನಪಾಗಿರ್ಲಿಲ್ಲ. ನೆನಪಾಗ್ಲಿಲ್ಲ ಅಂತ ಆಮೇಲೆ ಅತ್ತೆ. ಅಷ್ಟು ದಿನ ಅಳೋಕೂ ಆಗಿರ್ಲಿಲ್ಲ. ಹೇಳಿದ್ರೆ ಏನಾಗ್ತಿತ್ತು ನಿನಗೆ?"

"ನೀನು ಹೋಗಿ ಸರಿಮಾಡಿಸಿ ಬರ್ತಿದ್ದೆ."

"ಹೌದು, ಬರ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ತುಳಸಾ ತಂಗಿಯ ಅಂಗೈ ಬಿಡಿಸಿ, ಅಲ್ಲಿ ಮೆತ್ತಿದ್ದ ಸೊಪ್ಪಿನ ಪುಡಿಯನ್ನು ತಮ್ಮ ಸೆರಗಿನಿಂದ ಒರೆಸಿದರು. ಮೊದಲು ಒಂದು ಕೈ, ಆಮೇಲೆ ಇನ್ನೊಂದು. ಒರೆಸಿ ಮುಗಿಸಿ ನನ್ನ ಕಡೆ ತಿರುಗಿದರು.

"ಮಗಳೇ, ಕಾರ್ಡಿನಲ್ಲಿ ಇರೋ ಹಾಗೇ ಬರಿ. ಇವಳೇ ಅಕ್ಕ ಆಗಿರ್ಲಿ."

"ಬೇಡ," ಎಂದರು ನಂದಕಲಾ. "ಸಾಕಾಗಿದೆ ನನಗೆ. ಮೊದಲೇ ಮಂಡಿ ನೋವು, ಅದರ ಮೇಲೆ ಐದು ವರ್ಷ ಹೆಚ್ಚಿಗೆ ಹೊತ್ಕೊಂಡು ತಿರುಗ್ತಿದೀನಿ. ನಿನ್ನ ವಯಸ್ಸು ನೀನು ತಗೋ."

"ಇಪ್ಪತ್ತೆಂಟು ವರ್ಷ ಇಟ್ಕೊಂಡವಳಿಗೆ ಇವತ್ತು ಭಾರ ಆಯ್ತಾ?"

"ಆಯ್ತು."

ನಿಜವಾದ ವಯಸ್ಸನ್ನೇ ನಾನು ಬರೆದುಕೊಳ್ಳಬೇಕು ಎಂದೆ. ತುಳಸಾ, ಅರವತ್ತೇಳು. ನಂದಕಲಾ, ಅರವತ್ತೆರಡು. ಹುಟ್ಟಿದ ತಿಂಗಳು ಗೊತ್ತಿದ್ದರೆ ಹೇಳಿ ಎಂದಾಗ, ಕಿತ್ತಳೆ ಹಣ್ಣಾಗುವ ಕಾಲದಲ್ಲಿ ತಾನು, ಹೊಲ ಉಳುವ ಕಾಲದಲ್ಲಿ ತಂಗಿ ಎಂದು ತುಳಸಾ ನೆನಪುಮಾಡಿಕೊಂಡರು. ಫೋನಿನಲ್ಲಿ ಅದಕ್ಕೂ ಜಾಗವಿರಲಿಲ್ಲ. ನಾನು ಬೀಳ್ಕೊಂಡು ಮುಂದಿನ ಮನೆಗೆ ಹೋದೆ.

ನಾಲ್ಕು ದಿನದ ಮೇಲೆ ತುಳಸಾ ನನಗೆ ಫೋನು ಮಾಡಿದರು. ಅಮ್ಮನಿಂದ ನಂಬರು ತೆಗೆದುಕೊಂಡಿದ್ದರು. "ಊರೆಲ್ಲ ಮನೆ ಮನೆ ತಿರುಗೋಳು ನೀನು. ಧುಂಗೇಲ್ ಮಾಸ್ತರರ ಹೆಂಡತಿ ಆಕ್ರನ್‌ನಲ್ಲಿ ಯಾವ ಬೀದೀಲಿದಾರೆ, ಹುಡುಕಿಕೊಡ್ತೀಯಾ?"

ಗಣತಿಯ ಫೋನಿನಿಂದ ಹಾಗೆ ಹುಡುಕುವಂತಿಲ್ಲ ದೊಡ್ಡಮ್ಮ ಎಂದೆ. ಆದರೆ ನಮ್ಮವರ ವಿಳಾಸ ಹುಡುಕಲು ಸರ್ಕಾರದ ಫೋನು ಬೇಕಿಲ್ಲ. ಕಿರಾಣಿ ಅಂಗಡಿಯವನನ್ನು ಕೇಳಿದರೆ ಸಾಕು. ಅವನ ಭಾವಮೈದ ಆಕ್ರನ್‌ನವನು. ಭಾನುವಾರ ಖೇಮ್ ಕಾರು ತೆಗೆದ. ನೀನೂ ಬಾ ಎಂದು ತುಳಸಾ ಹಟ ಹಿಡಿದದ್ದರಿಂದ ನಾನೂ ಮುಂದಿನ ಸೀಟಿನಲ್ಲಿ ಕೂತೆ; ಅಕ್ಕತಂಗಿಯರು ಹಿಂದೆ. ಎರಡು ಗಂಟೆಯ ದಾರಿ. ತುಳಸಾ, ಅಕ್ಕಿಹಿಟ್ಟನ್ನು ಬಳೆಯಂತೆ ಕರಿದ ಸೇಲ್ ರೊಟ್ಟಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಎರಡೂ ಕೈಯಿಂದ ಹಿಡಿದೇ ಇದ್ದರು.

ಮಾಸ್ತರರ ಹೆಂಡತಿ ಭಗೀರಥಾ, ಬಿಳಿಯ ಸೀರೆ ಉಟ್ಟ ಚಿಕ್ಕ ಮೈಯ ಹೆಂಗಸು, ಹಿಂದಿನ ಅಂಗಳದಲ್ಲಿ ದೂರದೂರ ಕುರ್ಚಿ ಹಾಕಿಸಿದರು. ತುಳಸಾ ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು, ಬೈದ ಮಾತುಗಳನ್ನೂ ಬಿಡದೆ. ಕೊನೆಗೆ, "ಅವರು ಇರುವಾಗ ಬರಬೇಕಿತ್ತು. ಗೊತ್ತಿರ್ಲಿಲ್ಲ. ತಪ್ಪಾಯ್ತು" ಎಂದು ಕೈಮುಗಿದರು.

ಭಗೀರಥಾ ಮಾಸ್ಕಿನ ಹಿಂದೆ ನಕ್ಕರೋ ಅತ್ತರೋ ಮೊದಲು ತಿಳಿಯಲಿಲ್ಲ.

"ಮನೇಲಿ ಒಂದು ಮಾತೂ ಹೇಳಿರ್ಲಿಲ್ಲ ಅವರು. ಎಷ್ಟು ಜನ ಹೀಗೆ ಕೇಳಿಕೊಂಡಿದ್ರೋ, ಎಷ್ಟು ಜನರ ಬೈಗುಳ ತಿಂದರೋ. ಕೂತ್ಕೊಳ್ಳಿ ಅಕ್ಕ. ನನ್ನದನ್ನೇ ತಪ್ಪು ಬರೆದಿದ್ರು. ಅವರಿಗಿಂತ ಎರಡು ವರ್ಷ ದೊಡ್ಡವಳನ್ನಾಗಿ ಮಾಡಿಬಿಟ್ಟಿದ್ರು. ಏನಾದ್ರೂ ವಾದಕ್ಕೆ ಬಿದ್ರೆ, ದೊಡ್ಡವಳು ಹೇಳ್ತಿದೀನಿ, ಕೇಳಿ ಅಂತಿದ್ದೆ. ಸುಮ್ನಾಗಿಬಿಡೋರು." ಅವರು ತಮ್ಮ ಪಕ್ಕದ ಖಾಲಿ ಜಾಗದ ಕಡೆ ನೋಡಿದರು. "ಆಸ್ಪತ್ರೆಗೆ ಕರ್ಕೊಂಡು ಹೋದ ದಿನವೂ ಹಾಗೇ ಅಂದೆ. ದೊಡ್ಡವಳು ಹೇಳ್ತಿದೀನಿ, ಬೇಗ ಬನ್ನಿ ಅಂತ. ಒಳಗೆ ನನ್ನನ್ನ ಬಿಡಲಿಲ್ಲ."

ತುಳಸಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಖೇಮ್, "ದೊಡ್ಡಮ್ಮಾ, ದೂರ" ಎಂದ. ಅವರು ಕೇಳಿಸಿಕೊಳ್ಳಲಿಲ್ಲ. ನಂದಕಲಾ ಕೂಡ ಇನ್ನೊಂದು ಕಡೆಯಿಂದ ಎಳೆದುಕೊಂಡರು. ನಾನೂ ಖೇಮ್‌ನೂ ಬೇಲಿಯ ಹತ್ತಿರ ಹೋಗಿ ನಿಂತೆವು. ಮೂವರೂ ಮೊದಲು ಮಾಸ್ತರರ ಬಗ್ಗೆ, ಆಮೇಲೆ ನದಿಯ ದಂಡೆಯ ಬಗ್ಗೆ, ಅದಾದ ಮೇಲೆ ಚಿರಾಂಗಿನಲ್ಲಿ ಯಾರ ಮನೆಯ ಹಿಂದೆ ಯಾರ ಗದ್ದೆ ಇತ್ತು ಎಂಬುದರ ಬಗ್ಗೆ ಮಾತಾಡಿದರು. ಭಗೀರಥಾರ ತವರು ಇವರ ಊರಿನಿಂದ ಒಂದು ಗುಡ್ಡದಾಚೆ.

ಆ ವಾರಗಳಲ್ಲಿ ಖೇಮ್ ಇನ್ನೂ ಎರಡು ಸಲ ಅವರನ್ನು ಆಕ್ರನ್‌ಗೆ ಕರೆದೊಯ್ದ. ನನ್ನ ಗಣತಿಯ ಕೆಲಸ ಅಕ್ಟೋಬರ್ ಮಧ್ಯದಲ್ಲಿ ಮುಗಿಯಿತು, ಗೋದಾಮಿಗೆ ವಾಪಸಾದೆ. ದಸರೆಗೆ ಭಗೀರಥಾ ಇವರ ಮನೆಗೆ ಬಂದು ಒಂದು ವಾರ ಇದ್ದರು. ಸಾವಿನ ವರ್ಷವಾದ್ದರಿಂದ ಅವರಿಗೆ ಹಬ್ಬವಿಲ್ಲ, ನಮ್ಮ ದಸರೆಯಲ್ಲಿ ಹಿರಿಯರು ಹಣೆಗಿಡುವ ತಿಲಕವಿಲ್ಲ. ಅವರಿಗೆ ಬೇಸರವಾಗದಿರಲಿ ಎಂದು ತುಳಸಾ ತಾವೂ ಆ ವರ್ಷ ಹಣೆಗೆ ತಿಲಕ ಇಟ್ಟುಕೊಳ್ಳಲಿಲ್ಲ. ನಾನು ಅಮ್ಮನೊಂದಿಗೆ ಹೋದಾಗ ಮೂವರೂ ಮಹಡಿಯ ಕೋಣೆಯಲ್ಲಿ ಒಂದೇ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ವಾದ ಮಾಡುತ್ತಿದ್ದರು. ಅಮ್ಮ ಹೋಗಿ ಕಿಟಕಿಯನ್ನು ಅರ್ಧ ತೆರೆದಿಟ್ಟು, ಅವರ ಕಾಲ ಬಳಿ ಕೂತಳು.